ಎಣ್ಣೆಬಣ್ಣದಲ್ಲಿ ಮುಖ ಬರೆಯೋದು ಕಲೀಬೇಕಾ? ಮೊದಲು ಬಣ್ಣ ಪಕ್ಕಕ್ಕಿಡಿ

ಆಯಿಲ್ ಪೋರ್ಟ್ರೇಟ್ ಕಲೀಬೇಕು ಅಂತ ಬರೋರು ಹೆಚ್ಚಾಗಿ ಮೊದಲು ಕೇಳೋದು ಒಂದೇ ಪ್ರಶ್ನೆ, ಸ್ಕಿನ್ ಕಲರ್ ಹೇಗೆ ಮಿಕ್ಸ್ ಮಾಡೋದು ಅಂತ. ಪ್ರಶ್ನೆ ಸರಿನೇ, ಆದ್ರೆ ಅದರ ಸರದಿ ಬಹಳ ಆಮೇಲೆ ಬರುತ್ತೆ. ಮುಖ ಇಂಥವರದ್ದೇ ಅಂತ ಗುರುತು ಸಿಗೋದು ಎಲ್ಲಿ ಎಷ್ಟು ಬೆಳಕು ಬಿದ್ದಿದೆ, ಎಲ್ಲಿ ಎಷ್ಟು ನೆರಳಿದೆ ಅನ್ನೋದರಿಂದ. ಮನೇಲಿರೋ ಹಳೇ ಬ್ಲಾಕ್ ಅಂಡ್ ವೈಟ್ ಫೋಟೋದಲ್ಲಿ ಮುತ್ತಜ್ಜಿಯನ್ನ ಎಲ್ಲರೂ ಗುರುತು ಹಿಡೀತಾರಲ್ಲ, ಅದರಲ್ಲಿ ಬಣ್ಣವೇ ಇಲ್ಲ. ಟೋನ್, ಅಂದ್ರೆ ನೆರಳು-ಬೆಳಕಿನ ಮಟ್ಟ, ಸರಿಯಿದ್ರೆ ಬಣ್ಣ ಸ್ವಲ್ಪ ಹೆಚ್ಚುಕಮ್ಮಿ ಆದ್ರೂ ಮುಖ ನಿಲ್ಲುತ್ತೆ, ಟೋನ್ ತಪ್ಪಿದ್ರೆ ಎಷ್ಟು ದುಬಾರಿ ಟ್ಯೂಬ್ ತಂದ್ರೂ ನಿಲ್ಲಲ್ಲ. ಕೆಳಗೆ ಬರೆದಿರೋ ಹಂತಗಳೆಲ್ಲ ಇದೇ ಲೆಕ್ಕದಲ್ಲಿವೆ.

ಕ್ಲಾಸಿಕಲ್ ರೀತಿ ಅಂದ್ರೆ ಪದರ ಪದರವಾಗಿ ಕಟ್ಟಿಕೊಂಡು ಹೋಗೋದು. ಮೊದಲು ಡ್ರಾಯಿಂಗ್, ಅದರ ಮೇಲೆ ಒಂದೇ ಬಣ್ಣದಲ್ಲಿ ನೆರಳು-ಬೆಳಕು, ಅದು ಒಣಗಿದ ಮೇಲೆ ನಿಜವಾದ ಬಣ್ಣ, ಕೊನೆಗೆ ತೆಳುವಾದ ಲೇಪನ. ಯೂರೋಪಿನ ಹಳೇ ಮಾಸ್ಟರುಗಳು ಒಬ್ಬೊಬ್ಬರೂ ಒಂದೊಂದು ಥರ ಮಾಡ್ತಿದ್ರು, ನಾವು ಈಗ ಪಾಠದ ಹಾಗೆ ಕಲಿಯೋ ಕ್ರಮ ಬಹುಮಟ್ಟಿಗೆ 19ನೇ ಶತಮಾನದ ಪ್ಯಾರಿಸ್ ಅಕಾಡೆಮಿಗಳಿಂದ ಬಂದಿದ್ದು. ನಮ್ಮ ಕಡೆಗೆ ಈ ವಿದ್ಯೆ ಅರಮನೆಗಳ ಬಾಗಿಲಿಂದ ಬಂತು. ರಾಜಾ ರವಿವರ್ಮ 1868ರಲ್ಲಿ ತಿರುವಾಂಕೂರು ಅರಮನೆಗೆ ಬಂದಿದ್ದ ಥಿಯೋಡೋರ್ ಜೆನ್ಸನ್ ಅನ್ನೋ ಯೂರೋಪಿಯನ್ ಕಲಾವಿದನ ಕೆಲಸ ನೋಡಿ ನೋಡಿನೇ ಎಣ್ಣೆಬಣ್ಣದ ಗುಟ್ಟು ಹಿಡಿದರು. ಹಾಗಾಗಿ ಪಕ್ಕದಲ್ಲಿ ಗುರು ಇಲ್ಲ ಅಂತ ಕೈಚೆಲ್ಲಬೇಡಿ, ಗಮನ ಇಟ್ಟು ನೋಡೋದೂ ದೊಡ್ಡ ಕಲಿಕೆನೇ.

ಮೊದಲ ಕೆಲವು ತಿಂಗಳು ಇದ್ದಿಲು ಮತ್ತು ಪೇಪರ್

ಟ್ಯೂಬ್ ತಗೊಳ್ಳೋಕೆ ಮುಂಚೆ ಚಾರ್ಕೋಲ್, ಅದೂ ಮೆತ್ತಗಿರೋ ಕಡ್ಡಿ ಇದ್ದಿಲು, ಒಂದು ಕ್ನೀಡೆಡ್ ಎರೇಸರ್ (ಹಿಟ್ಟಿನ ಹಾಗೆ ನಾದಬಹುದಾದ ಮೆತ್ತನೆ ರಬ್ಬರ್), ದೊಡ್ಡ ಪೇಪರ್ ತಗೊಳ್ಳಿ. ಫ್ರಾನ್ಸಲ್ಲಿ ಚಾರ್ಲ್ಸ್ ಬಾರ್ಗ್ ಅನ್ನೋ ಕಲಾವಿದ ಜೆರೋಮ್ ಅನ್ನೋ ಇನ್ನೊಬ್ಬ ಕಲಾವಿದನ ಜೊತೆ ಸೇರಿ 1860ರ ದಶಕದ ಕೊನೆಯಲ್ಲಿ ವಿದ್ಯಾರ್ಥಿಗಳು ನಕಲು ಮಾಡಲಿ ಅಂತಲೇ ಡ್ರಾಯಿಂಗ್ ಪ್ಲೇಟುಗಳನ್ನ ಮಾಡಿದ್ದರು, ಕಣ್ಣು ಮೂಗು ಕಿವಿಯಿಂದ ಶುರುವಾಗಿ ಪೂರ್ತಿ ತಲೆಯವರೆಗೆ. ವ್ಯಾನ್ ಗೋ ಕೂಡ ಇವನ್ನ ಕೂತು ನಕಲು ಮಾಡಿದ್ದ. ಇವು ಇವತ್ತಿಗೂ ಒಳ್ಳೇ ಶುರುವಾತು, ಯಾಕಂದ್ರೆ ಅದರಲ್ಲಿ ನೆರಳಿನ ಆಕಾರವನ್ನ ನೇರ ಗೆರೆಗಳಲ್ಲಿ ಒರಟಾಗಿ ಹಿಡಿದು ಆಮೇಲೆ ನಯ ಮಾಡೋ ಕ್ರಮ ಕಣ್ಣಿಗೆ ಕಾಣುತ್ತೆ.

ಇದರ ಜೊತೆಗೆ ಬಿಳಿ ವಸ್ತು ನೋಡಿ ಬರೀಬೇಕು. ಪ್ಲಾಸ್ಟರ್ ತಲೆ ಸಿಕ್ಕಿದ್ರೆ ಸರಿ, ಸಿಗದಿದ್ರೆ ಒಂದು ಮಣ್ಣಿನ ಬೊಂಬೆ ತಂದು ಹೊಳಪಿಲ್ಲದ ಬಿಳಿ ಪ್ರೈಮರ್ ಹೊಡೆದು ಕಿಟಕಿ ಪಕ್ಕ ಇಡಿ. ಬಣ್ಣದ ಗಲಾಟೆ ಇಲ್ಲದೆ ಬರೀ ಬೆಳಕು ಹೇಗೆ ತಿರುಗುತ್ತೆ ಅಂತ ಕಾಣೋದು ಆವಾಗಲೇ.

ಅಳತೆಗಳನ್ನ ಒಂದ್ಸಲ ಮನಸ್ಸಲ್ಲಿ ಕೂರಿಸಿಕೊಳ್ಳಿ. ಕಣ್ಣುಗಳು ತಲೆಯ ಸರಿಸುಮಾರು ಮಧ್ಯದಲ್ಲಿವೆ, ಹೊಸಬರು ನೆತ್ತಿಯ ಎತ್ತರ ಮರೆತು ಕಣ್ಣನ್ನ ಮೇಲಕ್ಕೆ ತಗೊಂಡು ಹೋಗ್ತಾರೆ. ಎರಡು ಕಣ್ಣಿನ ಮಧ್ಯೆ ಇನ್ನೊಂದು ಕಣ್ಣಿನಷ್ಟು ಜಾಗ. ಕೂದಲಿನ ಅಂಚಿನಿಂದ ಹುಬ್ಬು, ಹುಬ್ಬಿಂದ ಮೂಗಿನ ಬುಡ, ಅಲ್ಲಿಂದ ಗಲ್ಲ (ಗದ್ದ), ಮೂರೂ ಹೆಚ್ಚುಕಮ್ಮಿ ಸಮ. ಕಿವಿ ಹುಬ್ಬಿಗೂ ಮೂಗಿನ ಬುಡಕ್ಕೂ ಮಧ್ಯೆ. ಆದ್ರೆ ಇದೆಲ್ಲ ಸರಾಸರಿ ಮುಖ, ಅಂಥ ಮುಖ ಯಾರಿಗೂ ಇಲ್ಲ, ನಿಮ್ಮ ಮುಂದೆ ಕೂತಿರೋರು ಈ ಲೆಕ್ಕದಿಂದ ಎಲ್ಲಿ ಎಷ್ಟು ತಪ್ಪಿಸಿಕೊಂಡಿದ್ದಾರೆ ಅನ್ನೋದರಲ್ಲೇ ಅವರ ಹೋಲಿಕೆ ಇರೋದು. ಅದನ್ನ ಹುಡುಕೋಕೆ ಕೈ ನೀಟಾಗಿ ಚಾಚಿ ಒಂದು ಕಣ್ಣು ಮುಚ್ಚಿ ತೆಳ್ಳನೆ ಕಡ್ಡೀಲಿ ಅಳೆಯಿರಿ, ಒಂದು ದಾರಕ್ಕೆ ಕಬ್ಬಿಣದ ನಟ್ ಕಟ್ಟಿ ಇಳಿಬಿಟ್ಟು ಕಣ್ಣಿನ ಮೂಲೆ ಕೆಳಗೆ ಮೂಗಿನ ಹೊಳ್ಳೆ ಬರುತ್ತಾ, ತುಟಿಯ ತುದಿ ಎಲ್ಲಿ ಬರುತ್ತೆ ಅಂತ ನೋಡಿ.

ಸೈಟ್-ಸೈಜ್ ಅಂತ ಒಂದು ಪದ್ಧತಿ ಇದೆ, ಒಬ್ಬರೇ ಕಲಿಯೋರಿಗೆ ಇದು ದೊಡ್ಡ ಆಸರೆ. ಕ್ಯಾನ್ವಾಸ್ ನಿಲ್ಲಿಸೋ ಸ್ಟ್ಯಾಂಡ್, ಅಂದ್ರೆ ಈಸಲ್‌ನ ಕೂತವರ ಪಕ್ಕದಲ್ಲೇ ನಿಲ್ಲಿಸಿ, ನೀವು ಕೆಲವು ಹೆಜ್ಜೆ ಹಿಂದೆ ಬಂದು ನಿಂತ್ರೆ ಮುಖವೂ ಚಿತ್ರವೂ ಒಂದೇ ಅಳತೆಯಲ್ಲಿ ಅಕ್ಕಪಕ್ಕ ಕಾಣಬೇಕು. ನಿಂತ ಜಾಗಕ್ಕೆ ನೆಲದ ಮೇಲೆ ಟೇಪ್ ಹಚ್ಚಿ, ನೋಡೋದು ನಿರ್ಧಾರ ಮಾಡೋದು ಅಲ್ಲಿಂದ, ಗೆರೆ ಹಾಕೋಕೆ ಮಾತ್ರ ಮುಂದೆ ಹೋಗಿ, ಮತ್ತೆ ಹಿಂದೆ ಬನ್ನಿ. ಕಾಲು ನೋಯುತ್ತೆ, ಆದ್ರೂ ಕೂತು ಬರೆಯೋಕಿಂತ ಇದು ಎಷ್ಟೋ ವಾಸಿ. ಮಧ್ಯೆ ಮಧ್ಯೆ ಚಿತ್ರವನ್ನ ಕನ್ನಡಿಯಲ್ಲಿ ನೋಡಿ, ತಿರುಗಿದ ಚಿತ್ರದಲ್ಲಿ ಸೊಟ್ಟ ಕಣ್ಣು ತಕ್ಷಣ ಸಿಕ್ಕಿಬೀಳುತ್ತೆ.

ಏನೇನು ಕೊಳ್ಳಬೇಕು

ಕಡಿಮೆ ಕೊಳ್ಳಿ, ಕೊಳ್ಳೋದನ್ನ ಒಳ್ಳೇದು ಕೊಳ್ಳಿ. ಮೊದಲಿಗೆ ನಾಲ್ಕು ಬಣ್ಣ ಸಾಕು: ಟೈಟಾನಿಯಂ ವೈಟ್, ಯೆಲ್ಲೋ ಓಕರ್ (ಮಣ್ಣಿನ ಹಳದಿ), ವರ್ಮಿಲಿಯನ್ ಥರದ ಒಂದು ಕೆಂಪು (ಕ್ಯಾಡ್ಮಿಯಂ ರೆಡ್ ಲೈಟ್ ನಡೆಯುತ್ತೆ), ಐವರಿ ಬ್ಲಾಕ್. ಸ್ವೀಡನ್ನಿನ ಕಲಾವಿದ ಆಂಡರ್ಸ್ ಜೋರ್ನ್ ಹೆಸರಲ್ಲಿ ಕರೆಯೋ ಪ್ಯಾಲೆಟ್, ಅಂದ್ರೆ ಬಣ್ಣಗಳ ಗುಂಪು, ಇದೇನೇ. ನೀಲಿ ಇಲ್ವಲ್ಲ ಅಂತ ಗಾಬರಿ ಬೇಡ, ಐವರಿ ಬ್ಲಾಕಿಗೆ ಬಿಳಿ ಸೇರಿಸಿದ್ರೆ ಬೆಚ್ಚಗಿನ ಬಣ್ಣಗಳ ಪಕ್ಕ ಅದು ನೀಲಿ ಬೂದಿ ಥರಾನೇ ಕಾಣುತ್ತೆ. ಇದರ ಜೊತೆ ಬಣ್ಣದ ಕೆಳಗೆ ಬರೋ ಮೊದಲ ಪದರಕ್ಕೆ, ಅಂದ್ರೆ ಅಂಡರ್‌ಪೇಂಟಿಂಗಿಗೆ ರಾ ಅಂಬರ್ (ಮಣ್ಣಿನ ಕಂದು) ಒಂದು ಬೇಕು. ಕೈ ಪಳಗಿದ ಮೇಲೆ ಬರ್ಂಟ್ ಸಿಯೆನ್ನಾ (ಕೆಂಗಂದು), ಅಲ್ಟ್ರಾಮರೀನ್ (ಗಾಢ ನೀಲಿ), ಅಲಿಜರಿನ್ ಕ್ರಿಮ್ಸನ್ (ಗಾಢ ಕೆಂಪು) ಸೇರಿಸಿ.

ಬಿಳಿ ಟ್ಯೂಬ್ ಹಿಂದೆ ಪಿಗ್ಮೆಂಟ್ ನಂಬರ್ ಪಿಡಬ್ಲ್ಯೂ 6 (PW6) ಅಂತಿದ್ರೆ ಟೈಟಾನಿಯಂ, ಪಿಡಬ್ಲ್ಯೂ 4 ಅಂತಿದ್ರೆ ಜಿಂಕ್. ಜಿಂಕ್ ವೈಟ್ ವರ್ಷಗಳು ಕಳೆದಂತೆ ಪೆಡಸಾಗಿ ಬಿರುಕು ಬಿಡುತ್ತೆ, ಕೆಳಪದರಕ್ಕಂತೂ ಬೇಡವೇ ಬೇಡ. ಹಳೇ ಮಾಸ್ಟರುಗಳ ಲೆಡ್ ವೈಟ್ ಅದ್ಭುತವಾದ ಬಣ್ಣ ನಿಜ, ಆದ್ರೆ ಸೀಸ ವಿಷ, ಮಕ್ಕಳಿರೋ ಮನೇಲಿ ಕಲಿಯೋರಿಗೆ ಅದರ ಸಹವಾಸ ಬೇಡ. ಫ್ಲೆಶ್ ಟಿಂಟ್ ಅಂತ ಮಾರೋ ಟ್ಯೂಬೂ ಕೊಳ್ಳಬೇಡಿ, ಅದು ಗುಲಾಬಿ ಮೈಬಣ್ಣದವರನ್ನ ನೆನೆಸಿಕೊಂಡು ಮಾಡಿದ್ದು, ನಮ್ಮ ಮನೆಯವರ ಮುಖಕ್ಕೂ ಅದಕ್ಕೂ ಸಂಬಂಧ ಇಲ್ಲ.

ಬ್ರಷ್ ವಿಷಯಕ್ಕೆ ಬಂದ್ರೆ ಹಾಗ್ ಹೇರ್ (ಹಂದಿ ಕೂದಲಿನ) ಫಿಲ್ಬರ್ಟ್, ಅಂದ್ರೆ ತುದಿ ದುಂಡಗಿರೋ ಚಪ್ಪಟೆ ಬ್ರಷ್, 4, 6, 8, ಮೆತ್ತಗಿರೋ ಸಿಂಥೆಟಿಕ್ ಫಿಲ್ಬರ್ಟ್ ಒಂದೆರಡು, ಸಣ್ಣ ರೌಂಡ್ ಒಂದು. ಸಣ್ಣ ಬ್ರಷ್ಷನ್ನ ಕೊನೇ ದಿನದವರೆಗೂ ಡಬ್ಬೀಲೇ ಇಡಿ. ರೆಡಿಮೇಡ್ ಕ್ಯಾನ್ವಾಸ್ 12×16 ಇಂಚು ಸಾಕು, ಇಲ್ಲಾಂದ್ರೆ ಎಂಡಿಎಫ್ ಹಲಗೆಗೆ ಮೂರು ಕೋಟ್ ಜೆಸ್ಸೊ (ಬಣ್ಣಕ್ಕೆ ಮುಂಚೆ ಹಚ್ಚೋ ಬಿಳಿ ಲೇಪ) ಹೊಡೆದು ಮಧ್ಯೆ ಮಧ್ಯೆ ಮರಳು ಕಾಗದದಲ್ಲಿ ತಿಕ್ಕಿ. ಬರೀ ಬಟ್ಟೆ ಮೇಲೆ ನೇರವಾಗಿ ಎಣ್ಣೆಬಣ್ಣ ಹಚ್ಚಬಾರದು, ಎಣ್ಣೆ ಬಟ್ಟೆಯನ್ನ ಕ್ರಮೇಣ ತಿಂದುಹಾಕುತ್ತೆ. ಮಲೆನಾಡು, ಕರಾವಳಿ ಕಡೆಯವರು ಹಲಗೆನೇ ಆರಿಸಿಕೊಂಡ್ರೆ ಒಳ್ಳೇದು, ಮಳೆಗಾಲದ ತೇವಕ್ಕೆ ಕ್ಯಾನ್ವಾಸ್ ಸಡಿಲ ಆಗುತ್ತೆ, ಹಿಂಬದಿಗೆ ಬೂಸ್ಟು ಹಿಡಿಯುತ್ತೆ.

ಬಣ್ಣ ಕಲಸೋ ಹಲಗೆಗೂ ಪ್ಯಾಲೆಟ್ ಅಂತಲೇ ಹೆಸರು, ಅದು ಬೆಳ್ಳಗಿರಬಾರದು. ಪ್ಲೈವುಡ್ ತುಂಡಿಗೆ ಅಗಸೆ ಎಣ್ಣೆ ಉಜ್ಜಿ ಒಣಗಿಸಿದ್ರೆ ಕಂದು ಬಣ್ಣಕ್ಕೆ ಬರುತ್ತೆ, ಅದರ ಮೇಲೆ ಕಲಸಿದ ಬಣ್ಣದ ಟೋನ್ ಸರಿಯಾಗಿ ಗೊತ್ತಾಗುತ್ತೆ.

ಬೆಳಕು ಮತ್ತು ಕೂತವರು

ಎಲ್ಲ ಕಡೆ ಓದ್ತೀರಿ, ಉತ್ತರದ ಕಿಟಕಿ ಬೆಳಕು ಶ್ರೇಷ್ಠ ಅಂತ. ಯೂರೋಪಿಗೆ ಆ ಮಾತು ಸರಿ, ಅಲ್ಲಿ ಮಧ್ಯಾಹ್ನದ ಸೂರ್ಯ ವರ್ಷವಿಡೀ ದಕ್ಷಿಣಕ್ಕೇ ಇರ್ತಾನೆ. ನಾವಿರೋದು ಎಲ್ಲಿ? ಬೆಂಗಳೂರು 13 ಡಿಗ್ರಿ ಅಕ್ಷಾಂಶದಲ್ಲಿದೆ, ಇಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ವಾಲಿರ್ತಾನೆ, ಆ ತಿಂಗಳುಗಳಲ್ಲಿ ಬೆಳಗ್ಗೆ ಸಂಜೆ ಉತ್ತರದ ಕಿಟಕಿಯಿಂದಲೇ ಬಿಸಿಲು ಒಳಗೆ ಬರುತ್ತೆ. ಹಾಗಾಗಿ ಕಿಟಕಿಗೆ ಬಟರ್ ಪೇಪರ್ ಅಥವಾ ತೆಳು ಬಿಳಿ ಪಂಚೆ ಕಟ್ಟಿಕೊಳ್ಳಿ, ಕೆಳಗಿನ ಅರ್ಧ ಮುಚ್ಚಿ ಮೇಲಿನ ಅರ್ಧದಿಂದ ಬೆಳಕು ಬಿಡಿ. ಬೆಳಕು ಒಂದೇ ಕಡೆಯಿಂದ, ಸ್ವಲ್ಪ ಮೇಲಿಂದ ಬೀಳಬೇಕು, ಮುಖದ ಮೂರನೇ ಒಂದು ಭಾಗ ನೆರಳಲ್ಲಿರಬೇಕು. ಟ್ಯೂಬ್‌ಲೈಟ್ ಆರಿಸಿ, ಎರಡು ಕಡೆಯಿಂದ ಬೆಳಕು ಬಿದ್ರೆ ಮುಖದ ಉಬ್ಬುತಗ್ಗೆಲ್ಲ ಮಾಯ ಆಗುತ್ತೆ.

ಕೂರೋಕೆ ಮನೆಯವರನ್ನೇ ಕೇಳಿ. 20 ನಿಮಿಷ ಕೂತ್ರೆ 5 ನಿಮಿಷ ಬಿಡುವು, ಅದಕ್ಕಿಂತ ಹೆಚ್ಚು ಹೊತ್ತು ವಯಸ್ಸಾದವರನ್ನ ಅಲ್ಲಾಡದೆ ಕೂರಿಸೋದು ನ್ಯಾಯ ಅಲ್ಲ. ಕುರ್ಚಿ ಕಾಲಿಗೆ, ಪಾದಕ್ಕೆ ಟೇಪ್ ಗುರುತು ಹಾಕಿ, ಎದುರು ಗೋಡೆ ಮೇಲೆ ನೋಡೋಕೆ ಒಂದು ಚುಕ್ಕೆ ತೋರಿಸಿ. "ಅಜ್ಜಿ, ಆ ಕ್ಯಾಲೆಂಡರ್ ನೋಡ್ತಾ ಇರಿ" ಅಂದ್ರೆ ಸಾಕು. ಮಾತಾಡ್ಲಿ ಬಿಡಿ, ಬಾಯಿ ಬರೆಯೋ ಹೊತ್ತಲ್ಲಿ ಮಾತ್ರ ಸುಮ್ಮನಿರಬೇಕು. ಮಾತಾಡ್ತಾ ಇರೋರ ಕಣ್ಣಲ್ಲಿ ಜೀವ ಇರುತ್ತೆ.

ಫೋಟೋ ನೋಡಿ ಬರೆಯೋದೇ ಅನಿವಾರ್ಯ ಆದ್ರೆ ಫ್ಲಾಶ್ ಇಲ್ಲದೆ, ಬ್ಯೂಟಿ ಫಿಲ್ಟರ್ ಆಫ್ ಮಾಡಿ, ಎರಡು ಮೀಟರ್ ದೂರ ನಿಂತು ಜೂಮ್ ಹಾಕಿ ತೆಗೀರಿ, ಹತ್ತಿರದಿಂದ ತೆಗೆದ ಮೊಬೈಲ್ ಫೋಟೋದಲ್ಲಿ ಮೂಗು ಊದಿಕೊಂಡು ಕಿವಿ ಹಿಂದಕ್ಕೆ ಓಡುತ್ತೆ.

ಮೊದಲ ಪದರ: ಅಂಬರ್ ಮತ್ತು ಬಟ್ಟೆ

ಕ್ಯಾನ್ವಾಸ್ ಪೂರ್ತಿ ರಾ ಅಂಬರ್‌ಗೆ ಬಣ್ಣ ತೆಳು ಮಾಡೋ ಟರ್ಪಂಟೈನ್ ಸೇರಿಸಿ ತೆಳ್ಳಗೆ ಬಳಿದು ಬಟ್ಟೆಯಲ್ಲಿ ಒರೆಸಿ, ಮಧ್ಯಮ ಟೋನ್ ಉಳಿಯಲಿ. ಬಿಳಿ ಕ್ಯಾನ್ವಾಸ್ ಮೇಲೆ ಯಾವ ಬಣ್ಣ ಇಟ್ರೂ ಕಪ್ಪಗೆ ಕಾಣುತ್ತೆ, ಅದಕ್ಕೇ ಈ ಕೆಲಸ. ಇನ್ನೂ ಹಸಿಯಿರುವಾಗಲೇ ಅದೇ ಅಂಬರ್‌ನಲ್ಲಿ ತಲೆಯ ಓರೆ, ಕಣ್ಣಿನ ಸಾಲು, ಮೂಗಿನ ಬುಡ, ಗಲ್ಲ ಗುರುತು ಮಾಡಿ, ನೆರಳುಗಳನ್ನೆಲ್ಲ ಸೇರಿಸಿ ಒಂದೇ ಆಕಾರವಾಗಿ ಬಳಿಯಿರಿ, ಬೆಳಕಿರೋ ಕಡೆ ಬಟ್ಟೆಯಿಂದ ಒರೆಸಿ ತೆಗೀರಿ. ಕಣ್ಣನ್ನ ಕಿರಿದು ಮಾಡಿ ನೋಡೋದು ಇಲ್ಲಿ ಮುಖ್ಯ. ಹಾಗೆ ನೋಡಿದಾಗ ಕಣ್ಣಿನ ಗುಳಿ, ಮೂಗಿನ ಪಕ್ಕ, ಕೆನ್ನೆಯ ಬದಿ, ಕತ್ತು ಎಲ್ಲ ಸೇರಿಕೊಂಡು ಒಂದೇ ನೆರಳಾಗುತ್ತೆ. ರೆಪ್ಪೆ, ಹುಬ್ಬಿನ ಕೂದಲು ಇವು ಈಗ ಇಲ್ಲ. ಈ ಹಂತದಲ್ಲೇ ಬಾಗಿಲ ಹತ್ತಿರ ನಿಂತು ನೋಡಿದ್ರೆ ಇಂಥವರು ಅಂತ ಗೊತ್ತಾಗಬೇಕು, ಗೊತ್ತಾಗದಿದ್ರೆ ಪೂರ್ತಿ ಒರೆಸಿ ಮತ್ತೆ ಮಾಡಿ, ಮುಂದಿನ ಯಾವ ಪದರವೂ ಇದನ್ನ ಸರಿ ಮಾಡಲ್ಲ.

ಅಂಬರ್ ಯಾಕೆ ಅಂದ್ರೆ ಅದರಲ್ಲಿ ಮ್ಯಾಂಗನೀಸ್ ಇದೆ, ಅದು ಎಣ್ಣೆ ಬೇಗ ಒಣಗೋ ಹಾಗೆ ಮಾಡುತ್ತೆ. ಎಣ್ಣೆಬಣ್ಣ ನೀರುಬಣ್ಣದ ಹಾಗೆ ಆವಿಯಾಗಿ ಒಣಗೋದಲ್ಲ, ಅಗಸೆ ಎಣ್ಣೆ ಗಾಳಿಯಿಂದ ಆಮ್ಲಜನಕ ಹೀರಿಕೊಂಡು ಗಟ್ಟಿಯಾಗೋದು. ಕೆಳಗಿನ ಪದರ ನಿಧಾನ, ಮೇಲಿನದು ಬೇಗ ಆದ್ರೆ ಮೇಲಿನದು ಬಿರುಕು ಬಿಡುತ್ತೆ. ಹಾಗಾಗಿ ಕೆಳಗೆ ಟರ್ಪಂಟೈನ್ ಹೆಚ್ಚು ಎಣ್ಣೆ ಕಡಿಮೆ, ಮೇಲೆ ಹೋದ ಹಾಗೆ ಎಣ್ಣೆ ಸ್ವಲ್ಪ ಸ್ವಲ್ಪ ಹೆಚ್ಚು. ಐವರಿ ಬ್ಲಾಕ್ ನಿಧಾನವಾಗಿ ಒಣಗೋ ಬಣ್ಣ, ಕೆಳಗೆ ದಪ್ಪಗೆ ಹಚ್ಚಬೇಡಿ.

ಎರಡನೇ ಪದರ: ಬೂದುಬಣ್ಣದ ಮುಖ

ಅಂಬರ್ ಒಣಗಿದ ಮೇಲೆ ಬಿಳಿ ಮತ್ತು ಅಂಬರ್, ಬೇಕಾದ್ರೆ ಚೂರು ಕಪ್ಪು ಸೇರಿಸಿ ಐದು ಟೋನ್ ಕಲಸಿ ಸಾಲಾಗಿಡಿ. ಇದಕ್ಕೆ ಗ್ರಿಸಾಯ್ ಅಂತಾರೆ. ಎರಡು ಟೋನ್ ನೆರಳಿಗೆ, ಮೂರು ಬೆಳಕಿಗೆ, ಒಂದರದ್ದು ಇನ್ನೊಂದರ ಕಡೆ ಹೋಗಬಾರದು. ನೆರಳಿನೊಳಗೆ ಮೇಜು ಅಥವಾ ಬಿಳಿ ಶರ್ಟಿಂದ ಪುಟಿದು ಬಂದ ಬೆಳಕು ಕಾಣುತ್ತೆ, ಅದು ಎಷ್ಟೇ ಹೊಳೆದ್ರೂ ಬೆಳಕಿನ ಭಾಗದ ಅತಿ ಮಂಕಾದ ಟೋನಿಗಿಂತ ಕಪ್ಪೇ, ಗಲ್ಲದ ಕೆಳಗೆ ಇಲ್ಲಿ ತಪ್ಪು ಮಾಡಿದ್ರೆ ಮುಖ ತಗಡಾಗುತ್ತೆ. ನೆರಳು ತೆಳ್ಳಗಿರಲಿ, ಬೆಳಕು ದಪ್ಪಗಿರಲಿ. ಡಚ್ ಕಲಾವಿದ ರೆಂಬ್ರಾಂಟ್‌ನ ವಯಸ್ಸಾದ ಕಾಲದ ಸ್ವಂತ ಭಾವಚಿತ್ರಗಳನ್ನ ಹತ್ತಿರದಿಂದ ನೋಡಿ, ಹಣೆ ಮೂಗಿನ ಮೇಲೆ ಬಣ್ಣ ಗುಡ್ಡೆ ಬಿದ್ದಿರುತ್ತೆ, ನೆರಳಲ್ಲಿ ತೆಳ್ಳಗೆ.

ಇಲ್ಲಿ ಆತುರ ಬೇಡ. ಈ ಬೂದು ಮುಖವೇ ಒಂದು ಮುಗಿದ ಚಿತ್ರದ ಹಾಗೆ ಕಾಣೋವರೆಗೆ ಬಣ್ಣಕ್ಕೆ ಹೋಗದಿದ್ರೆ ನಿಮ್ಮ ಅರ್ಧ ಕಷ್ಟ ಇಲ್ಲಿಗೇ ಮುಗೀತು.

ಈಗ ಬಣ್ಣ, ಅದರಲ್ಲೂ ನಮ್ಮ ಮೈಬಣ್ಣ

ಸಿಕ್ಕೋ ಪಾಠಗಳಲ್ಲಿ ಹೆಚ್ಚಿನವು ಬೆಳ್ಳಗಿನ ಯೂರೋಪಿಯನ್ ಚರ್ಮಕ್ಕೆ ಬರೆದಿದ್ದು. ಗೋಧಿ ಬಣ್ಣ, ಎಣ್ಣೆಗಪ್ಪು ಇರೋರನ್ನ ಬರೆಯೋವಾಗ ಬರ್ಂಟ್ ಸಿಯೆನ್ನಾ ಮತ್ತು ಯೆಲ್ಲೋ ಓಕರ್ ಬುನಾದಿ ಇಟ್ಟುಕೊಳ್ಳಿ, ಅಬ್ಬರ ತಗ್ಗಿಸೋಕೆ ಚೂರು ಅಲ್ಟ್ರಾಮರೀನ್, ಕಿವಿ ಕೆನ್ನೆ ತುಟಿಗೆ ಅಲಿಜರಿನ್. ತಿಳಿ ಮಾಡಬೇಕು ಅಂತ ಬರೀ ಬಿಳಿ ಸುರಿದ್ರೆ ಮುಖ ಸುಣ್ಣ ಬಳಿದ ಗೋಡೆ ಥರ ಆಗುತ್ತೆ, ಬಿಳಿ ಜೊತೆ ಓಕರ್ ಅಥವಾ ಕೆಂಪು ಹೋಗಲೇಬೇಕು. ಕಪ್ಪು ಮಾಡೋಕೆ ಬರೀ ಐವರಿ ಬ್ಲಾಕ್ ಹಾಕಿದ್ರೆ ನೆರಳು ಸತ್ತುಹೋಗುತ್ತೆ, ಸಿಯೆನ್ನಾ ಮತ್ತು ಅಲ್ಟ್ರಾಮರೀನ್ ಸೇರಿಸಿ ಕತ್ತಲೆ ಮಾಡಿ. ಮತ್ತೆ ದಯವಿಟ್ಟು ಯಾರನ್ನೂ ಅವರಿಗಿಂತ ಬೆಳ್ಳಗೆ ಮಾಡಬೇಡಿ. "ಸ್ವಲ್ಪ ಬೆಳ್ಳಗೆ ಮಾಡಪ್ಪಾ" ಅಂತ ಮನೆಯವರೇ ಹೇಳ್ತಾರೆ, ಆದ್ರೆ ಕಪ್ಪು ಮುಖದ ಮೇಲೆ ಬೆಳಕು ಆಡೋ ಸೊಗಸು ಬೆಳ್ಳಗಿನ ಮುಖದಲ್ಲಿ ಸಿಗಲ್ಲ.

ಆ ಸೊಗಸು ಏನಂದ್ರೆ, ಮೈಬಣ್ಣ ಗಾಢವಾದಷ್ಟೂ ಹಣೆ, ಮೂಗಿನ ತುದಿ, ಕೆನ್ನೆಮೂಳೆ ಮೇಲಿನ ಹೊಳಪು ಎದ್ದು ಕಾಣುತ್ತೆ, ಆ ಹೊಳಪು ಚರ್ಮದ ಬಣ್ಣದ್ದಲ್ಲ, ಬೆಳಕಿನ ಬಣ್ಣದ್ದು. ಕಿಟಕಿಯಿಂದ ಆಕಾಶದ ಬೆಳಕು ಬರ್ತಿದ್ರೆ ಅದು ನೀಲಿ ಮಿಶ್ರಿತ ಬೂದು. ಹಾಗೇ ಕಿಟಕಿ ಬೆಳಕಲ್ಲಿ ಬೆಳಕಿನ ಭಾಗ ತಂಪು, ನೆರಳು ಬೆಚ್ಚಗೆ, ಹಳದಿ ಬಲ್ಬಿನ ಕೆಳಗೆ ಉಲ್ಟಾ. ಇದನ್ನ ಕಲಿಯೋಕೆ ನಾನು ಎಲ್ಲರಿಗೂ ಹೇಳೋ ಚಿತ್ರ ಒಂದೇ, ಸ್ಪೇನಿನ ಕಲಾವಿದ ವೆಲಾಸ್ಕೆಜ್ 1650ರಲ್ಲಿ ರೋಮಿನಲ್ಲಿ ಬರೆದ ಹುವಾನ್ ದೆ ಪರೇಹಾನ ಭಾವಚಿತ್ರ. ಪರೇಹಾ ವೆಲಾಸ್ಕೆಜ್‌ನ ಗುಲಾಮನಾಗಿದ್ದವನು, ಬಿಡುಗಡೆ ಆಗಿ ಆಮೇಲೆ ತಾನೇ ಕಲಾವಿದನಾದ. ಕಂದು ಮೈಬಣ್ಣ, ಬೂದು ಹಿನ್ನೆಲೆ, ಬಿಳಿ ಕಾಲರ್, ಅಷ್ಟರಲ್ಲೇ ಎಂಥಾ ಗಾಂಭೀರ್ಯ. ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಂನಲ್ಲಿದೆ, ದೊಡ್ಡ ಇಮೇಜ್ ಅವರ ಸೈಟಿಂದ ಉಚಿತವಾಗಿ ಇಳಿಸಿಕೊಳ್ಳಬಹುದು. ಅದನ್ನ ಮೊದಲು ಬೂದುಬಣ್ಣದಲ್ಲಿ, ಆಮೇಲೆ ಬಣ್ಣದಲ್ಲಿ ನಕಲು ಮಾಡಿ.

ಮೂಲ ಚಿತ್ರ ಕಣ್ಣಾರೆ ನೋಡಬೇಕು ಅಂದ್ರೆ ಮೈಸೂರಿಗೆ ಹೋಗಿ. ಜಗನ್ಮೋಹನ ಅರಮನೆಯ ಗ್ಯಾಲರಿಯಲ್ಲಿ ರವಿವರ್ಮರ ಮೂಲ ಕೃತಿಗಳಿವೆ. ಅಲ್ಲೇ ಇರೋ ದೀಪ ಹಿಡಿದ ಹೆಣ್ಣಿನ ಚಿತ್ರವನ್ನ ಬಹಳ ಜನ ರವಿವರ್ಮರ ಆಯಿಲ್ ಅಂದ್ಕೊಂಡಿರ್ತಾರೆ, ಅದು ಎಸ್.ಎಲ್. ಹಳದಣಕರ್ ಅವರದ್ದು, ಅದೂ ಜಲವರ್ಣ. ರವಿವರ್ಮರ ಒಡವೆಗಳನ್ನ ಮೂಗು ತಾಗೋಷ್ಟು ಹತ್ತಿರ ಹೋಗದೆ, ಆದ್ರೆ ಸಾವಧಾನವಾಗಿ ನೋಡಿ. ಬಂಗಾರ ಬರೆಯೋಕೆ ಬಂಗಾರದ ಪೇಂಟ್ ಬೇಕಿಲ್ಲ, ಗಾಢ ಕಂದು, ಓಕರ್, ಅದರ ಮೇಲೆ ಒಂದೇ ಒಂದು ತಿಳಿ ಹಳದಿ ಚುಕ್ಕೆ, ಅಷ್ಟರಲ್ಲೇ ಮೂಗುತಿ ಹೊಳೆಯುತ್ತೆ.

ಕಣ್ಣು, ಬಾಯಿ, ಅಂಚು

ಕಣ್ಣಿನ ಬಿಳಿ ಭಾಗ ಬಿಳಿ ಅಲ್ಲ, ಅದೊಂದು ಉಂಡೆ, ಮೇಲಿನ ರೆಪ್ಪೆಯ ನೆರಳು ಅದರ ಮೇಲೆ ಬಿದ್ದಿರುತ್ತೆ, ಬೂದು ಬಣ್ಣದಲ್ಲೇ ಬರೀಬೇಕು. ರೆಪ್ಪೆಗೂದಲು ಒಂದೊಂದಾಗಿ ಬೇಡ, ಮೇಲಿನ ರೆಪ್ಪೆಗೆ ಒಂದು ಗಾಢ ಪಟ್ಟಿ ಸಾಕು. ಮುಗುಳ್ನಗೆ ಇರೋದು ತುಟಿಯ ಮೂಲೆಗಳಲ್ಲಿ, ಅಲ್ಲಿ ಗೆರೆ ಹಾಕದೆ ಮೆತ್ತಗೆ ಕರಗಿಸಿ. ಮೇಲ್ತುಟಿ ಕೆಳಮುಖವಾಗಿರೋದರಿಂದ ನೆರಳಲ್ಲಿ, ಕೆಳತುಟಿ ಬೆಳಕಲ್ಲಿ. ಮೀಸೆಯನ್ನ ಮೊದಲು ಒಂದು ನೆರಳಿನ ತುಂಡಾಗಿ ಬರೆದು ಕೊನೆಗೆ ನಾಲ್ಕು ಕೂದಲು ಎಳೀರಿ.

ಅಂಚುಗಳ ವಿಷಯ ಬಹಳ ಜನ ಬಿಟ್ಟುಬಿಡ್ತಾರೆ. ಕೂದಲು ಹಣೆಗೆ ಸೇರೋ ಕಡೆ, ನೆರಳಿನ ಕೆನ್ನೆ ಹಿನ್ನೆಲೆಗೆ ಸೇರೋ ಕಡೆ ಒಣಗಿದ ಮೆತ್ತನೆ ಬ್ರಷ್ಷಲ್ಲಿ ಸವರಿ ಅಂಚು ಅಳಿಸಿ, ಬೆಳಕಿನ ಕಡೆಯ ಕಣ್ಣಿನ ಹತ್ತಿರ ಮಾತ್ರ ಚೂಪಾಗಿಡಿ. ಸುತ್ತಲೂ ಒಂದೇ ಥರ ಚೂಪಿದ್ರೆ ಕತ್ತರಿಸಿ ಅಂಟಿಸಿದ ಮುಖ ಆಗುತ್ತೆ. ಹೊಳಪಿನ ಚುಕ್ಕೆಗಳು ಎಲ್ಲಕ್ಕಿಂತ ಕೊನೆಗೆ, ಒಂದೇ ಸಲ ಇಟ್ಟು ಕೈ ತೆಗೀರಿ.

ಪೂರ್ತಿ ಒಣಗಿದ ಮೇಲೆ ಕೆನ್ನೆ ಇನ್ನೂ ಸ್ವಲ್ಪ ಬೆಚ್ಚಗಾಗಬೇಕು ಅನ್ನಿಸಿದ್ರೆ ಅಲಿಜರಿನ್‌ಗೆ ಎಣ್ಣೆ ಸೇರಿಸಿ ಪಾರದರ್ಶಕವಾಗಿ ತೆಳ್ಳಗೆ ಸವರಿ ಒರೆಸಿ, ಅದೇ ಗ್ಲೇಜಿಂಗ್. ಹಿತಮಿತವಾಗಿರಲಿ.

ಬಟ್ಟೆ, ಬ್ರಷ್, ವಾರ್ನಿಷ್

ಇದನ್ನ ಓದದೆ ಮುಂದೆ ಹೋಗಬೇಡಿ. ಅಗಸೆ ಎಣ್ಣೆ ಹೀರಿದ ಬಟ್ಟೆ ಒಣಗುವಾಗ ತಾನಾಗೇ ಬಿಸಿಯಾಗುತ್ತೆ, ಮುದ್ದೆ ಮಾಡಿ ಕಸದ ಬುಟ್ಟಿಗೆ ಹಾಕಿದ್ರೆ ಆ ಬಿಸಿ ಹೊರಗೆ ಹೋಗದೆ ಬೆಂಕಿ ಹತ್ತಿಕೊಳ್ಳಬಹುದು, ಕಿಡಿ ಬೇಕಾಗಿಲ್ಲ. ಮುಚ್ಚಳ ಇರೋ ತಗಡಿನ ಡಬ್ಬದಲ್ಲಿ ನೀರು ತುಂಬಿ ಅದರಲ್ಲಿ ಹಾಕಿಡಿ, ಇಲ್ಲಾಂದ್ರೆ ಹೊರಗೆ ಒಂದೊಂದಾಗಿ ಹರಡಿ ಒಣಗಿಸಿ. ಕಿಟಕಿ ತೆಗೆದಿಟ್ಟು ಕೆಲಸ ಮಾಡಿ, ಟರ್ಪಂಟೈನ್ ವಾಸನೆ ತಲೆನೋವು ತರುತ್ತೆ, ಒಲೆ ಇರೋ ಕೋಣೇಲಿ ಬೇಡ. ಉಳಿದದ್ದನ್ನ ಸಿಂಕಿಗೆ ಸುರಿಯಬೇಡಿ, ಬಾಟಲೀಲಿ ಬಿಟ್ರೆ ಬಣ್ಣ ತಳಕ್ಕೆ ಕೂರುತ್ತೆ, ಮೇಲಿನ ತಿಳಿ ಮತ್ತೆ ಉಪಯೋಗಕ್ಕೆ ಬರುತ್ತೆ. ಬ್ರಷ್ಷನ್ನ ಒರೆಸಿ, ಟರ್ಪಂಟೈನಲ್ಲಿ ಅಲ್ಲಾಡಿಸಿ, ಬಾರ್ ಸೋಪಿನ ಮೇಲೆ ತಿಕ್ಕಿ ಅಂಗೈಯಲ್ಲಿ ನೊರೆ ಬಿಳಿಯಾಗೋವರೆಗೆ ತೊಳೀರಿ.

ವಾರ್ನಿಷ್ಷಿಗೆ ಆರು ತಿಂಗಳಿಂದ ಒಂದು ವರ್ಷ ಕಾಯಬೇಕು, ದಪ್ಪ ಬಣ್ಣ ಇದ್ರೆ ಇನ್ನೂ ಹೆಚ್ಚು. ಹತ್ತಿಗೆ ಸ್ವಲ್ಪ ಟರ್ಪಂಟೈನ್ ತಾಗಿಸಿ ಮೂಲೆಯಲ್ಲಿ ಮೆಲ್ಲಗೆ ಒತ್ತಿ ನೋಡಿ, ಬಣ್ಣ ಹತ್ತಿಗೆ ಬಂದ್ರೆ ಇನ್ನೂ ಕಾಯಿರಿ. ಅಲ್ಲಿವರೆಗೆ ಚಿತ್ರವನ್ನ ಕಪಾಟಲ್ಲಿ ಮುಚ್ಚಿಡಬೇಡಿ, ಕತ್ತಲಲ್ಲಿ ಎಣ್ಣೆ ಹಳದಿಗೆ ತಿರುಗುತ್ತೆ, ನೇರ ಬಿಸಿಲು ಬೀಳದ, ತೇವ ಇಲ್ಲದ ಗೋಡೆ ಮೇಲೆ ತೂಗುಹಾಕಿ. ಅದು ಒಣಗೋ ಹೊತ್ತಿಗೆ ಅದೇ ಅಜ್ಜಿಯನ್ನ ಇನ್ನೊಂದು ಕಡೆಯಿಂದ ಬೆಳಕು ಬೀಳೋ ಹಾಗೆ ಕೂರಿಸಿ ಎರಡನೇ ಚಿತ್ರ ಶುರು ಮಾಡಿ.